ತಂಡದ ವಾರ್ಷಿಕ ಸ್ನೇಹಕೂಟ: ಬರುವುದು ನಿಲ್ಲಿಸಿದವರಿಂದ ಶುರು ಮಾಡಿ

ವಾರಕ್ಕೊಮ್ಮೆ ಸೇರಿ ಆಡುವ ತಂಡಗಳಲ್ಲಿ ಸಾಮಾನ್ಯವಾಗಿ ಪಟ್ಟಿ ಉದ್ದ, ಅಂಗಳಕ್ಕೆ ಇಳಿಯುವವರು ಕಮ್ಮಿ. ಪಟ್ಟಿಯಲ್ಲಿ 40 ಹೆಸರಿದ್ದರೆ ಆಟಕ್ಕೆ ಸಿಗುವವರು 14. ಉಳಿದವರಲ್ಲಿ ಒಬ್ಬರಿಗೆ ಮಂಡಿ ನೋವು, ಒಬ್ಬರ ಮನೆಯಲ್ಲಿ ಎಳೆ ಮಗು, ಇನ್ನೊಬ್ಬರಿಗೆ ಕೆಲಸದ ಪಾಳಿ ಬದಲಾಗಿದೆ. ತಂಡ ಬಿಟ್ಟೆವೆಂದು ಯಾರೂ ಹೇಳಿಲ್ಲ. ಬರುವುದು ನಿಂತಿದೆ, ಅಷ್ಟೇ. ವರ್ಷಕ್ಕೊಂದು ಸ್ನೇಹಕೂಟ ಬೇಕಾಗಿರುವುದು ಮುಖ್ಯವಾಗಿ ಇವರಿಗೆ. ವಾರವಾರ ಸೇರುವ ಆ 14 ಜನ ಕೂಟ ಇದ್ದರೂ ಇಲ್ಲದಿದ್ದರೂ ಸೇರುತ್ತಾರೆ.

ನಾನು ಒಂದು ಹವ್ಯಾಸಿ ವಾಲಿಬಾಲ್ ತಂಡದ ಕೂಟವನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬರುತ್ತಿದ್ದೇನೆ. ಮೊದಮೊದಲು ನಮ್ಮ ಕೂಟವೂ ತಪ್ಪದೆ ಬಂದು ಆಡುವವರ ಕೂಟವೇ ಆಗಿತ್ತು. ಜೋರಾಗಿ ಆಡುವವರು ಜೋರಾಗಿ ಆಡಿದರು, ಮಾತಾಡುವವರು ಮಾತಾಡಿದರು, ಹಳಬರು ಒಂದು ಮೂಲೆಯಲ್ಲಿ ನಿಂತು ಊಟ ಮುಗಿಸಿ ಹೊರಟರು. ಆಮೇಲೆ ಒಂದೊಂದೇ ಬದಲಾಯಿಸುತ್ತ ಬಂದೆವು. ಕೆಳಗೆ ಬರೆದಿರುವುದು ಹಾಗೆ ಬದಲಾಯಿಸಿಕೊಂಡ ಕ್ರಮ. ಉದಾಹರಣೆಗಳು ವಾಲಿಬಾಲಿನವು. ಕ್ರಿಕೆಟ್, ಬ್ಯಾಡ್ಮಿಂಟನ್, ಫುಟ್‌ಬಾಲ್ ಯಾವ ತಂಡಕ್ಕಾದರೂ ಹೊಂದಿಸಿಕೊಳ್ಳಬಹುದು.

ಹತ್ತು ವಾರ ಮುಂಚೆ: ಪಟ್ಟಿ, ಆಮೇಲೆ ದಿನ

ಎಲ್ಲರೂ ಮೊದಲು ದಿನ ನಿಗದಿ ಮಾಡುತ್ತಾರೆ. ನೀವು ಮೊದಲು ಪಟ್ಟಿ ಮಾಡಿ. ಹಾಜರಿ ಪುಸ್ತಕ, ವಾಟ್ಸಾಪ್ ಗುಂಪು, ಹಳೆಯ ಫೋಟೊಗಳು ಮೂರನ್ನೂ ಮುಂದಿಟ್ಟುಕೊಂಡು ಕೂತರೆ ಒಂದು ಗಂಟೆಯ ಕೆಲಸ. ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ತಪ್ಪದೆ ಬರುವವರು, ಆಗಾಗ ಬರುವವರು, ಬರುವುದು ನಿಲ್ಲಿಸಿದವರು. ಮೂರನೆಯ ಕಲಂ ತುಂಬಿಸಲು ಹಳೆಯ ಫೋಟೊಗಳಷ್ಟು ನೆರವಾಗುವುದು ಬೇರೊಂದಿಲ್ಲ. ಗುಂಪಿನಿಂದ ಸದ್ದಿಲ್ಲದೆ ಹೊರಹೋದವರ ಮುಖ ಅಲ್ಲಿ ಇರುತ್ತದೆ. ಆಡದಿದ್ದರೂ ತಂಡಕ್ಕೆ ಬೇಕಾದವರನ್ನು ಕೆಳಗೆ ಬೇರೆಯಾಗಿ ಬರೆದುಕೊಳ್ಳಿ: ಅಂಕ ಬರೆಯುವವರು, ಅಂಪೈರಾಗಿ ನಿಲ್ಲುವವರು, ಮೈದಾನದ ಬೀಗ ತೆಗೆದು ಕೊಡುವವರು, ಗುಡಿಸಿ ಗೆರೆ ಎಳೆದಿಡುವವರು.

ದಿನ ಕೇಳುವಾಗ "ಯಾವತ್ತು ಮಾಡೋಣ?" ಎಂದು ಗುಂಪಿನಲ್ಲಿ ಕೇಳಬೇಡಿ. ನೂರು ಉತ್ತರ ಬಂದು ಒಂದೂ ದಿನ ಸಿಗುವುದಿಲ್ಲ. ಪರೀಕ್ಷೆಯ ಕಾಲ, ಹಬ್ಬದ ಸಾಲು, ಟೂರ್ನಿ ನಡೆಯುವ ತಿಂಗಳು ಇವನ್ನು ಬಿಟ್ಟು ಮೂರು ದಿನ ನೀವೇ ಆರಿಸಿ. ಆ ಮೂರನ್ನು ಮೊದಲು ಮೂರನೆಯ ಕಲಂನ ನಾಲ್ಕೈದು ಜನರಿಗೆ ಹೇಳಿ ಅವರಿಗೆ ಯಾವುದು ಅನುಕೂಲ ಎಂದು ಕೇಳಿ. ಅವರಿಗೆ ಹೊಂದುವ ದಿನವೇ ಕೂಟದ ದಿನ. ತಪ್ಪದೆ ಬರುವವರು ಹೇಗಾದರೂ ಹೊಂದಿಸಿಕೊಳ್ಳುತ್ತಾರೆ. ದಿನ ಒಮ್ಮೆ ಗೊತ್ತಾದ ಮೇಲೆ ಯಾರು ಎಷ್ಟೇ ಒತ್ತಾಯಿಸಿದರೂ ಕದಲಿಸಬೇಡಿ. ಒಬ್ಬರಿಗಾಗಿ ಮುಂದೂಡಿದ ಕೂಟವನ್ನು ಇನ್ನಿಬ್ಬರಿಗಾಗಿ ಮತ್ತೆ ಮುಂದೂಡಬೇಕಾಗುತ್ತದೆ.

ಕೆಲಸಕ್ಕೆ ನಾಲ್ಕು ಜನ ಸಾಕು. ಒಬ್ಬರು ಹಣ, ಒಬ್ಬರು ಸ್ಥಳ ಮತ್ತು ಊಟ, ಒಬ್ಬರು ಆಟ, ಒಬ್ಬರು ಕರೆಯುವುದು. ಕರೆಯುವ ಕೆಲಸಕ್ಕೆ ತಂಡದ ಒಳ್ಳೆಯ ಆಟಗಾರನನ್ನು ಹಾಕಬೇಕಿಲ್ಲ. ಎಲ್ಲರ ಮನೆಯವರ ಹೆಸರೂ ನೆನಪಿಟ್ಟುಕೊಂಡಿರುವವರೊಬ್ಬರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರನ್ನು ಹಿಡಿಯಿರಿ.

ಕರೆಯುವುದು

ಇಡೀ ಕೂಟದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಗುಂಪಿಗೆ ಹಾಕಿದ ಸಂದೇಶ ಯಾರಿಗೂ ಹಾಕಿದ್ದಲ್ಲ. ಎರಡು ವರ್ಷದಿಂದ ಬಾರದವರು ಅದನ್ನು ಓದಿ, ಇದು ಈಗ ಆಡುವವರಿಗೆ ಎಂದುಕೊಂಡು ಸುಮ್ಮನಾಗುತ್ತಾರೆ. ಮೊದಲ ಎರಡು ಕಲಂನವರಿಗೆ ಸಂದೇಶ ಸಾಕು, ಮೂರನೆಯ ಕಲಂನವರಿಗೆ ಫೋನ್ ಮಾಡಲೇಬೇಕು.

ಫೋನಿನಲ್ಲಿ ಮೊದಲು ಕ್ಷೇಮ ಸಮಾಚಾರ. "ಯಾಕೆ ಬರುವುದು ಬಿಟ್ಟಿರಿ?" ಎಂಬ ಪ್ರಶ್ನೆ ಬೇಡವೇ ಬೇಡ. ಅದು ವಿಚಾರಣೆಯಂತೆ ಕೇಳುತ್ತದೆ. ಆಮೇಲೆ ಅವರ ಮನಸ್ಸಿನಲ್ಲಿರುವ, ಆದರೆ ಬಾಯಿಬಿಟ್ಟು ಕೇಳಲಾರದ ಐದು ಸಂಗತಿಗೆ ನೀವೇ ಉತ್ತರ ಕೊಟ್ಟುಬಿಡಿ. ಆಡಲೇಬೇಕೆ? ಬೇಕಿಲ್ಲ. ಮನೆಯವರನ್ನು, ಮಕ್ಕಳನ್ನು ಕರೆತರಬಹುದೆ? ಕರೆತನ್ನಿ. ಎಷ್ಟು ಹೊತ್ತಿಗೆ ಮುಗಿಯುತ್ತದೆ? ಇಷ್ಟು ಗಂಟೆಗೆ. ತಲೆಗೆ ಎಷ್ಟು ಹಣ? ಇಷ್ಟು. ಗುರುತಿನವರು ಯಾರು ಬರುತ್ತಾರೆ? ಅವರ ಕಾಲದ ಇಬ್ಬರು ಮೂವರ ಹೆಸರು ಹೇಳಿ. ಈ ಕೊನೆಯದರ ಮೇಲೆ ಬಹಳ ನಿಂತಿದೆ. ಜೊತೆಗೆ ಆಡಿದವರು ಇನ್ನಿಬ್ಬರು ಇರುತ್ತಾರೆ ಎಂದು ಗೊತ್ತಾದರೆ ಅರ್ಧ ಹಿಂಜರಿಕೆ ಅಲ್ಲೇ ಹೋಗುತ್ತದೆ. ಹಾಗಾಗಿ ಹಳಬರನ್ನು ಒಬ್ಬೊಬ್ಬರನ್ನಾಗಿ ಕರೆಯುವ ಬದಲು ಜೋಡಿ ಜೋಡಿಯಾಗಿ ಕರೆಯುವ ಲೆಕ್ಕ ಹಾಕಿ.

ಆಮೇಲೆ ಒಂದು ಸಣ್ಣ ಕೆಲಸ ಒಪ್ಪಿಸಿ. ನಮ್ಮಲ್ಲಿ ಒಬ್ಬರು ಇದ್ದರು, ಸರ್ವ್ ಮಾಡಿದರೆ ಚೆಂಡು ನೆಟ್ಟಿನ ಅಂಚಿಗೆ ಸವರಿಕೊಂಡು ಹೋಗಿ ಆಚೆ ಬೀಳುತ್ತಿತ್ತು. ಮಂಡಿಯ ಶಸ್ತ್ರಚಿಕಿತ್ಸೆ ಆದ ಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ. ಎರಡು ವರ್ಷ ಕರೆದಾಗಲೂ "ನೋಡೋಣ" ಎಂದರು, ಬರಲಿಲ್ಲ. ಮೂರನೆಯ ವರ್ಷ "ನೀವು ಬಂದು ಅಂಕ ಬರೆದುಕೊಡಬೇಕು, ಬೇರೆ ಯಾರು ಬರೆದರೂ ಜಗಳ ಆಗುತ್ತೆ" ಎಂದು ಕೇಳಿಕೊಂಡೆವು. ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದಿದ್ದರು. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಮನೆಯಲ್ಲೇ ಸ್ಕೇಲಿಟ್ಟು ಗೆರೆ ಹಾಕಿಕೊಂಡು ಬಂದ ಅಂಕಪಟ್ಟಿ. ಅತಿಥಿಯಾಗಿ ಬರಲು ಸಂಕೋಚಪಡುವ ಮನುಷ್ಯ ಕೆಲಸಕ್ಕೆ ಕರೆದರೆ ಬರುತ್ತಾನೆ. ಆದರೆ ಕೆಲಸ ನಿಜವಾಗಿಯೂ ಬೇಕಾದದ್ದಾಗಿರಬೇಕು. ಸುಮ್ಮನೆ ಸಮಾಧಾನಕ್ಕೆ ಕೊಟ್ಟದ್ದು ಅವರಿಗೆ ತಿಳಿಯದೆ ಇರುವುದಿಲ್ಲ.

ಲೆಕ್ಕಕ್ಕೆ ಒಂದು ಮಾತು: "ಬರ್ತೀನಿ" ಎಂದವರನ್ನು ಪೂರ್ತಿಯಾಗಿ, "ನೋಡೋಣ" ಎಂದವರನ್ನು ಇಬ್ಬರಿಗೆ ಒಬ್ಬರಂತೆ ಎಣಿಸಿಕೊಳ್ಳಿ. ಮೂರು ವಾರ ಮುಂಚೆ ಒಮ್ಮೆ, ಒಂದು ವಾರ ಮುಂಚೆ ಒಮ್ಮೆ ಖಚಿತಪಡಿಸಿಕೊಳ್ಳಿ. ಇನ್ನೂ ಹೆಚ್ಚು ಸಲ ಕೇಳಿದರೆ ಒತ್ತಾಯವಾಗುತ್ತದೆ.

ಹಣ

ಖರ್ಚನ್ನು ಎರಡು ಭಾಗ ಮಾಡಿ. ಎಷ್ಟು ಜನ ಬಂದರೂ ಬದಲಾಗದ ಖರ್ಚು ಒಂದು: ಸ್ಥಳದ ಬಾಡಿಗೆ, ಮೈಕು, ಕುರ್ಚಿ, ಶಾಮಿಯಾನ. ತಲೆಲೆಕ್ಕದ ಖರ್ಚು ಇನ್ನೊಂದು: ಊಟ, ನೀರು, ತಟ್ಟೆ ಲೋಟ. ಹೆಚ್ಚಿನ ತಂಡಗಳ ಲೆಕ್ಕ ಕೈಕೊಡುವುದು ಮೊದಲನೆಯದರಲ್ಲಿ. 40 ಜನರೆಂದು ಬಾಡಿಗೆಯನ್ನು ಹಂಚಿ, ಬಂದವರು 30 ಆದರೆ, ಬಾಡಿಗೆಯಲ್ಲಿ ಪ್ರತಿಯೊಬ್ಬರ ಪಾಲು ಮೂರನೇ ಒಂದರಷ್ಟು ಹೆಚ್ಚುತ್ತದೆ. ಆ ಕೊರತೆಯನ್ನು ಸಾಮಾನ್ಯವಾಗಿ ಖಜಾಂಚಿ ತನ್ನ ಕೈಯಿಂದ ತುಂಬುತ್ತಾರೆ, ಮುಂದಿನ ವರ್ಷ ಆ ಹೊಣೆ ಬೇಡವೆನ್ನುತ್ತಾರೆ. ಆದ್ದರಿಂದ ಬದಲಾಗದ ಖರ್ಚನ್ನು ಖಂಡಿತ ಬರುವವರ ಸಂಖ್ಯೆಯಿಂದ ಮಾತ್ರ ಭಾಗಿಸಿ. ಒಟ್ಟಿನ ಮೇಲೆ ಹತ್ತನೇ ಒಂದು ಪಾಲು ಅನಿರೀಕ್ಷಿತಕ್ಕೆಂದು ಸೇರಿಸಿ. ಉಳಿದರೆ ಚೆಂಡು, ನೆಟ್ಟು ಕೊಳ್ಳಲು ಬರುತ್ತದೆ.

ಕೆಲಸ ಹೋದವರು, ಓದುತ್ತಿರುವವರು, ಮನೆಯಲ್ಲಿ ಖರ್ಚು ಹೆಚ್ಚಾಗಿರುವವರು ಹಣದ ಕಾರಣಕ್ಕೇ ಬರುವುದಿಲ್ಲ, ಆದರೆ ಕಾರಣ ಬೇರೆಯೇ ಹೇಳುತ್ತಾರೆ. "ಕೊಡಲಾಗದವರು ಖಜಾಂಚಿಗೆ ಮಾತ್ರ ಒಂದು ಮಾತು ಹೇಳಿದರೆ ಸಾಕು, ಕಾರಣ ಬೇಕಿಲ್ಲ" ಎಂದು ಎಲ್ಲರಿಗೂ ಹೋಗುವ ಆಹ್ವಾನದಲ್ಲೇ ಬರೆಯಿರಿ. ಹಣ ಕೊಟ್ಟವರ ಹೆಸರನ್ನು ಗುಂಪಿನಲ್ಲಿ ಸಾಲಾಗಿ ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಆ ಪಟ್ಟಿಯಲ್ಲಿ ಇಲ್ಲದವರ ಹೆಸರೂ ಎಲ್ಲರಿಗೂ ಕಾಣುತ್ತದೆ.

ಸ್ಥಳ

ಸ್ಥಳ ನೋಡಲು ಹೋಗುವುದಾದರೆ ಕೂಟ ನಡೆಯುವ ಹೊತ್ತಿಗೇ ಹೋಗಿ. ಬೆಳಗ್ಗೆ ನೆರಳಿದ್ದ ಜಾಗ ಮಧ್ಯಾಹ್ನ ಬಿಸಿಲಿಗೆ ಬಿದ್ದಿರುತ್ತದೆ. ಸಂಜೆಯ ಆಟವಾದರೆ ಸೂರ್ಯ ಯಾವ ತಂಡದ ಕಣ್ಣಿಗೆ ಹೊಡೆಯುತ್ತಾನೆ ಎಂದು ಅಲ್ಲಿ ನಿಂತರಷ್ಟೇ ಗೊತ್ತಾಗುವುದು. ಅಂಗಳವನ್ನು ಉತ್ತರ-ದಕ್ಷಿಣವಾಗಿ ಹಾಕಿದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ಎರಡೂ ಕಡೆಯವರಿಗೆ ಪಕ್ಕದಿಂದ ಬೀಳುತ್ತದೆ. ವಾಲಿಬಾಲ್ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ ಸೇರಿಸಿದರೆ 24ಕ್ಕೆ 15 ಮೀಟರ್ ಬೇಕು. ಕುರ್ಚಿಗಳನ್ನು ಆ 3 ಮೀಟರಿನ ಒಳಗೆ ತಂದು ಹಾಕಲು ಬಿಡಬೇಡಿ. ಚೆಂಡಿನ ಹಿಂದೆ ಮುಖ ಮೇಲೆ ಮಾಡಿಕೊಂಡು ಓಡುವವರಿಗೆ ಕುರ್ಚಿ ಕಾಣುವುದಿಲ್ಲ. ಬ್ಯಾಡ್ಮಿಂಟನ್ ತಂಡದವರು ಒಳಾಂಗಣವನ್ನೇ ಹಿಡಿಯಿರಿ, ಬಯಲಿನಲ್ಲಿ ಸ್ವಲ್ಪ ಗಾಳಿ ಬೀಸಿದರೂ ಗರಿಯ ಶಟಲ್ ಮಾತು ಕೇಳುವುದಿಲ್ಲ.

ಅಂಗಳಕ್ಕಿಂತ ಹೆಚ್ಚು ಗಮನ ಬೇಕಿರುವುದು ಅದರ ಆಚೆಗೆ. ಶೌಚಾಲಯ ಸ್ವಚ್ಛವಾಗಿದೆಯೆ, ಒಳಗೆ ನೀರು ಬರುತ್ತದೆಯೆ, ಚಿಲಕ ಬೀಳುತ್ತದೆಯೆ? ಮೂರನ್ನೂ ಕೈಯಾರೆ ನೋಡಿ ಬನ್ನಿ. ಒರಗುವ ಬೆನ್ನಿರುವ ಕುರ್ಚಿಗಳಿವೆಯೆ? ಮೆಟ್ಟಿಲು ಹತ್ತಲಾರದವರಿಗೆ ಬೇರೆ ದಾರಿ ಇದೆಯೆ? ಎಳೆ ಮಗುವಿಗೆ ಹಾಲು ಕುಡಿಸಲು, ಮಲಗಿಸಲು ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಸಿಗುತ್ತದೆಯೆ? ಇವು ಇಲ್ಲದ ಜಾಗಕ್ಕೆ ಯುವಕರು ಬರುತ್ತಾರೆ, ಮಿಕ್ಕವರು ಮುಂದಿನ ವರ್ಷದಿಂದ ಬರುವುದಿಲ್ಲ. ಮಳೆ ಬಂದರೆ ಎಲ್ಲರೂ ನಿಲ್ಲುವಷ್ಟು ಸೂರು ಇರಲೇಬೇಕು.

ಆಟ: ತಂಡ ಮಾಡುವ ಬಗೆ

ಇಬ್ಬರು ನಾಯಕರು ಎದುರುಬದುರು ನಿಂತು "ನೀನು ಬಾ, ನೀನು ಬಾ" ಎಂದು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿ ಮಕ್ಕಳಾಟದಿಂದ ಬಂದದ್ದು. ಕೂಟಕ್ಕೆ ಅದು ಸಲ್ಲದು. ಕೊನೆಗೆ ಉಳಿಯುವ ಮೂವರಿಗೆ ತಾವು ಕೊನೆಗೆ ಉಳಿದೆವು ಎಂಬುದು ಮನೆಗೆ ಹೋಗುವವರೆಗೂ ಕೊರೆಯುತ್ತದೆ, ಸಾಮಾನ್ಯವಾಗಿ ಆ ಮೂವರು ನೀವು ಕಷ್ಟಪಟ್ಟು ಕರೆತಂದವರೇ ಆಗಿರುತ್ತಾರೆ.

ಹಿಂದಿನ ರಾತ್ರಿ ಕೂತು ತಂಡ ಮಾಡಿಟ್ಟುಕೊಳ್ಳಿ. ಆಟದ ಮಟ್ಟಕ್ಕೆ ತಕ್ಕಂತೆ ಎಲ್ಲರನ್ನೂ ಮನಸ್ಸಿನಲ್ಲೇ ಸಾಲು ನಿಲ್ಲಿಸಿ, ಸಾಲನ್ನು ಹಾವಿನಂತೆ ಹಂಚಿ. ಮೂರು ತಂಡವಾದರೆ ಮೊದಲ ಮೂವರು ಕ್ರಮವಾಗಿ ಒಂದು, ಎರಡು, ಮೂರನೆಯ ತಂಡಕ್ಕೆ, ನಾಲ್ಕನೆಯವರು ಮತ್ತೆ ಮೂರಕ್ಕೆ, ಐದನೆಯವರು ಎರಡಕ್ಕೆ, ಆರನೆಯವರು ಒಂದಕ್ಕೆ. ಹೀಗೆ ಮಾಡಿದಾಗ ಮೊದಲ ತಂಡಕ್ಕೆ 1 ಮತ್ತು 6, ಎರಡನೆಯದಕ್ಕೆ 2 ಮತ್ತು 5, ಮೂರನೆಯದಕ್ಕೆ 3 ಮತ್ತು 4ನೆಯವರು ಸಿಗುತ್ತಾರೆ. ಮೂರರ ಮೊತ್ತವೂ 7. ಆ ಸಾಲಿನ ಹಾಳೆಯನ್ನು ಹಂಚಿದ ಮೇಲೆ ಹರಿದು ಹಾಕಿ, ಯಾರ ಕಣ್ಣಿಗೂ ಬೀಳಬಾರದು. ಹಿಂದಿನ ರಾತ್ರಿ ಲೆಕ್ಕಕ್ಕಿಲ್ಲದವರು ಬೆಳಗ್ಗೆ ಬಂದರೆ ಚೀಟಿ ಎತ್ತಿಸಿ ಸೇರಿಸಿ.

ಸೋತ ತಂಡ ಅಲ್ಲಿಗೇ ಹೊರಬೀಳುವ ನಾಕೌಟ್ ಬೇಡ. ನಾಲ್ಕು ತಂಡದ ನಾಕೌಟ್ ಮೂರೇ ಪಂದ್ಯದಲ್ಲಿ ಮುಗಿಯುತ್ತದೆ, ಅರ್ಧ ಜನ ಒಂದು ಪಂದ್ಯ ಆಡಿ ದಿನವಿಡೀ ಕೂರುತ್ತಾರೆ. ಪ್ರತಿ ತಂಡವೂ ಮಿಕ್ಕೆಲ್ಲ ತಂಡಗಳ ಜೊತೆ ಆಡುವ ರೌಂಡ್ ರಾಬಿನ್ ಇಡಿ. ನಾಲ್ಕು ತಂಡಕ್ಕೆ 6 ಪಂದ್ಯ, ಐದಕ್ಕೆ 10, ಆರಕ್ಕೆ 15. ತಂಡದ ಸಂಖ್ಯೆಯನ್ನು ಅದಕ್ಕಿಂತ ಒಂದು ಕಮ್ಮಿಯಿಂದ ಗುಣಿಸಿ ಅರ್ಧ ಮಾಡಿದರೆ ಪಂದ್ಯಗಳ ಲೆಕ್ಕ ಸಿಗುತ್ತದೆ. ಒಂದೇ ಅಂಗಳ ಇದ್ದರೆ ನಾಲ್ಕಕ್ಕಿಂತ ಹೆಚ್ಚು ತಂಡ ಮಾಡಬೇಡಿ. ಅಂಕಕ್ಕೆ ಆಡುವ ಬದಲು ಹೊತ್ತಿಗೆ ಆಡಿ: 15 ನಿಮಿಷ ಆಟ, 5 ನಿಮಿಷ ಬಿಡುವು. ಆರು ಪಂದ್ಯ ಸುಮಾರು ಎರಡು ಗಂಟೆಯಲ್ಲಿ ಮುಗಿದು ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಪಂದ್ಯಗಳ ಕ್ರಮ ಹೀಗಿರಲಿ: 1-4, 2-3, 1-3, 2-4, 1-2, 3-4. ಒಂದೇ ಅಂಗಳದಲ್ಲಿ ನಾಲ್ಕು ತಂಡ ಆಡಿದರೆ ಎಲ್ಲೋ ಎರಡು ಕಡೆ ಒಂದು ತಂಡ ಬೆನ್ನುಬೆನ್ನಿಗೆ ಎರಡು ಪಂದ್ಯ ಆಡಲೇಬೇಕಾಗುತ್ತದೆ. ಈ ಕ್ರಮದಲ್ಲಿ ಅದು ಎರಡನೆಯ ಮತ್ತು ನಾಲ್ಕನೆಯ ಪಂದ್ಯದ ನಂತರ. ನೀರಿನ ಬಿಡುವನ್ನು ಸರಿಯಾಗಿ ಅಲ್ಲಿಗೇ ಇಟ್ಟು 10 ನಿಮಿಷಕ್ಕೆ ಹಿಗ್ಗಿಸಿ.

ಇನ್ನು ನಿಯಮ. 1895ರಲ್ಲಿ ಅಮೆರಿಕದ ವಿಲಿಯಂ ಮಾರ್ಗನ್ ವಾಲಿಬಾಲನ್ನು ಕಟ್ಟಿದ್ದು ಬ್ಯಾಸ್ಕೆಟ್‌ಬಾಲಿನ ಓಟ, ತಳ್ಳಾಟ ಆಗದ ಹಿರಿಯರೂ ಆಡಲಿ ಎಂದು. ಮೊದಲ ನಿಯಮಗಳಲ್ಲಿ ಒಂದು ಕಡೆ ಇಷ್ಟೇ ಜನ ಎಂಬ ಮಿತಿಯೂ ಇರಲಿಲ್ಲ. ಹಾಗಾಗಿ ಕೂಟದ ದಿನ ಒಂದು ಕಡೆ ಆರರ ಬದಲು ಎಂಟು, ಒಂಬತ್ತು ಜನ ನಿಂತರೆ ಆಟಕ್ಕೆ ಯಾವ ಅಪಚಾರವೂ ಇಲ್ಲ. ನೆಟ್ಟಿನ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24. ಎಲ್ಲರೂ ಬೆರೆತು ಆಡುವಾಗ ಮಹಿಳೆಯರ ಎತ್ತರಕ್ಕೋ ಅದಕ್ಕೂ ಒಂದು ಗೇಣು ಕೆಳಕ್ಕೋ ಕಟ್ಟಿ. ಆದರೆ ನೆಟ್ ಇಳಿಸಿದ ದಿನ ಮುಂದಿನ ಸಾಲಿನಿಂದ ಸ್ಮ್ಯಾಶ್ ಹೊಡೆಯುವುದನ್ನು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಎದುರಿಗಿರುವವರ ಮುಖಕ್ಕೆ ಅಪಾಯ. ಎಲ್ಲರೂ ಸರದಿಯಂತೆ ಸರ್ವ್ ಮಾಡಲಿ. ಗೆರೆಯಿಂದ ಚೆಂಡು ದಾಟಿಸಲಾಗದವರು ಎಷ್ಟು ಹತ್ತಿರ ಬೇಕಾದರೂ ಬಂದು ಮಾಡಲಿ. ಯಾರು ಯಾವಾಗ ಬೇಕಾದರೂ ಹೊರಬರಬಹುದು, ಮತ್ತೆ ಒಳಹೋಗಬಹುದು. ಈ ಕೊನೆಯ ನಿಯಮವನ್ನು ಮೈಕಿನಲ್ಲಿ ಎರಡು ಸಲ ಹೇಳಿ. ಹತ್ತು ನಿಮಿಷಕ್ಕೆ ಉಸಿರು ಮೇಲಕ್ಕೆ ಬಂದವರು ಕೇಳಿಕೊಂಡು ಹೊರಬರಲು ನಾಚುತ್ತಾರೆ.

ಪೆಟ್ಟು, ಬಿಸಿಲು, ಸಿಡಿಲು

ವರ್ಷಗಟ್ಟಲೆ ಆಡದವರು ಒಮ್ಮೆಲೇ ಜಿಗಿದರೆ ಹಿಮ್ಮಡಿಯ ಸ್ನಾಯುರಜ್ಜು, ಮೀನಖಂಡ, ಕಣಕಾಲು ಉಳಿಯುವುದಿಲ್ಲ. ಹತ್ತು ನಿಮಿಷ ಎಲ್ಲರಿಗೂ ಒಟ್ಟಿಗೆ ಮೈ ಬಿಸಿ ಮಾಡಿಸಿ: ನಡಿಗೆ, ನಿಧಾನದ ಓಟ, ಕೀಲುಗಳನ್ನು ತಿರುಗಿಸುವುದು, ಕೊನೆಗೆ ಕೈಯಿಂದ ಕೈಗೆ ಚೆಂಡು. ಉಳುಕಿದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಟ್ಟು ಕಾಲನ್ನು ಎತ್ತರದಲ್ಲಿಡಿ. ಬರಿ ಮೈಗೆ ಮಂಜುಗಡ್ಡೆ ತಾಗಿಸಬೇಡಿ. ಎದೆ ಹಿಡಿದಂತಾಗುವುದು, ಏದುಸಿರು ಇಳಿಯದಿರುವುದು, ತಲೆ ತಿರುಗಿ ಬೆವರುವುದು ಯಾರಿಗೇ ಆದರೂ ಸುಧಾರಿಸಿಕೊಳ್ಳಲಿ ಎಂದು ಕಾಯದೆ ಆಂಬ್ಯುಲೆನ್ಸ್ ಕರೆಯಿರಿ. ಹತ್ತಿರದ ಆಸ್ಪತ್ರೆ ಎಲ್ಲಿದೆ, ಯಾರ ವಾಹನ ಬಾಗಿಲ ಹತ್ತಿರ ನಿಂತಿದೆ ಎಂಬುದು ಇಬ್ಬರಿಗಾದರೂ ಮೊದಲೇ ಗೊತ್ತಿರಬೇಕು.

ಕುಡಿಯುವ ನೀರನ್ನು ತಲೆಗೆ ಗಂಟೆಗೆ ಅರ್ಧ ಲೀಟರಿನಂತೆ ಇಡಿ. 40 ಜನ, ಮೂರು ಗಂಟೆ ಎಂದರೆ 60 ಲೀಟರ್. ಕೈ ತೊಳೆಯುವ ನೀರು ಬೇರೆ. ಮಿಂಚು ಕಂಡ ಮೇಲೆ ಸೆಕೆಂಡಿಗೊಂದರಂತೆ ಎಣಿಸುತ್ತ ಹೋಗಿ, 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಆಟ ನಿಲ್ಲಿಸಿ ಎಲ್ಲರೂ ಕಟ್ಟಡದ ಒಳಗೆ. ಮರದ ಕೆಳಗೆ ಬೇಡ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ, ಎಷ್ಟೇ ರೋಚಕ ಪಂದ್ಯ ನಿಂತಿದ್ದರೂ.

ಊಟ

ಆಟಕ್ಕೆ ಮುಂಚೆ ಹಗುರವಾದದ್ದು, ಊಟ ಆಟದ ನಂತರ. ಯಾರಿಗೆ ಯಾವುದು ಒಗ್ಗುವುದಿಲ್ಲ, ಯಾರು ಏನು ತಿನ್ನುವುದಿಲ್ಲ ಎಂದು ಕರೆಯುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಬಡಿಸುವ ಪಾತ್ರೆಗಳ ಮುಂದೆ ಹೆಸರಿನ ಚೀಟಿ ಇಟ್ಟು, ಪ್ರತಿಯೊಂದಕ್ಕೂ ಬೇರೆ ಸೌಟು ಹಾಕಿ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಅದಿಲ್ಲದೆ ಹೊರಗಿಟ್ಟ ಅಡುಗೆಗೆ ಎರಡು ಗಂಟೆಯ ಗಡುವು, ಸುಡುಬಿಸಿಲಿನ ದಿನವಾದರೆ ಒಂದು ಗಂಟೆ. ಹಾಗಾಗಿ ಅಡುಗೆ ಬೆಳಗ್ಗೆಯೇ ಬಂದು ಕೂರದಂತೆ, ನಾಲ್ಕನೆಯ ಪಂದ್ಯದ ಹೊತ್ತಿಗೆ ಬರುವಂತೆ ಹೇಳಿಡಿ. ಮಕ್ಕಳಿಗೆ, ಹಿರಿಯರಿಗೆ ಮೊದಲು ಬಡಿಸಿ.

ಬಡಿಸುವವರು ಯಾರು ಎಂದು ಹಾಳೆಯಲ್ಲಿ ಬರೆದಿಡದಿದ್ದರೆ ಆ ಕೆಲಸ ತಾನಾಗಿಯೇ ಆಟಗಾರರ ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಅತಿಥಿಯಾಗಿ ಕರೆದು ಸೌಟು ಕೈಗೆ ಕೊಡುವುದು ಅನ್ಯಾಯ. ಗೆದ್ದ ತಂಡ ಬಡಿಸಬೇಕು, ಸೋತ ತಂಡ ಮೊದಲು ಊಟಕ್ಕೆ ಕೂರಬೇಕು ಎಂಬ ನಿಯಮ ನಮ್ಮಲ್ಲಿದೆ. ಮಕ್ಕಳು ಆಡುವ ಕಡೆಗೂ ಅರ್ಧ ಗಂಟೆಯ ಸರದಿ ಹಾಕಿ ಇಬ್ಬಿಬ್ಬರು ದೊಡ್ಡವರನ್ನು ನಿಲ್ಲಿಸಿ.

ಮದ್ಯ ಇರುತ್ತದೆಯೋ ಇಲ್ಲವೋ ಎಂಬುದನ್ನು ಆಹ್ವಾನದಲ್ಲೇ ತಿಳಿಸಿ. ನನ್ನ ಅಭಿಪ್ರಾಯ, ಮಕ್ಕಳು ಬರುವ ಕೂಟದಲ್ಲಿ ಬೇಡ. ಇಡುವುದೇ ಆದರೆ ಆಟ ಪೂರ್ತಿ ಮುಗಿದ ಮೇಲೆ, ಮನೆಗೆ ಬಿಡುವವರು ಯಾರೆಂದು ಮೊದಲೇ ಗೊತ್ತು ಮಾಡಿಕೊಂಡು.

ಬಹುಮಾನ

ಇದರ ಬಗ್ಗೆ ನನಗೆ ಒಂದು ನೋವಿದೆ, ಹೇಳಿಬಿಡುತ್ತೇನೆ. ಒಂದು ವರ್ಷ ನಗೆಗೆಂದು ಕೆಲವು ಬಹುಮಾನ ಇಟ್ಟಿದ್ದೆವು. ಅದರಲ್ಲೊಂದು ಹೆಚ್ಚು ಸರ್ವ್ ನೆಟ್ಟಿಗೆ ಹೊಡೆದವರಿಗೆ: ಹಳೆಯ ನೆಟ್ಟಿನ ಒಂದು ತುಂಡನ್ನು ಚೌಕಟ್ಟು ಹಾಕಿಸಿ ಕೊಟ್ಟೆವು. ಆರಿಸಿದ್ದು, ಹೆಸರು ಕೂಗಿದ್ದು ಎರಡೂ ನಾನೇ. ಅವರು ನಗುತ್ತ ಬಂದು ತೆಗೆದುಕೊಂಡರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ಕುರ್ಚಿ ಎತ್ತಿಡುವಾಗ ಆ ಚೌಕಟ್ಟು ಕುರ್ಚಿಯ ಕೆಳಗೆ ಬೋರಲಾಗಿ ಬಿದ್ದಿತ್ತು. ಮುಂದಿನ ತಿಂಗಳಿಂದ ಅವರು ಆಟಕ್ಕೆ ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು. ಹೋಗಿ ಕ್ಷಮೆ ಕೇಳಿದೆ. "ಅಯ್ಯೋ, ಅದೆಲ್ಲ ಏನೂ ಇಲ್ಲ" ಎಂದರು. ಏನೋ ಇತ್ತು ಎಂಬುದು ಅವರ ಧ್ವನಿಯಲ್ಲೇ ತಿಳಿಯುತ್ತಿತ್ತು. ಕೊರತೆಯನ್ನು ಎತ್ತಿ ತೋರಿಸುವ ಯಾವ ಬಹುಮಾನವನ್ನೂ ಇಡಬೇಡಿ. ಆಪ್ತರ ನಡುವೆ ನಡೆಯುತ್ತದೆ ಎಂದು ಸಮರ್ಥಿಸಿಕೊಳ್ಳಬೇಡಿ. ಯಾರು ಎಷ್ಟು ಆಪ್ತ ಎಂಬುದು ಮೈಕು ಹಿಡಿದವರಿಗೆ ಗೊತ್ತಿರುವುದಿಲ್ಲ.

ಕೊಡಬೇಕಾದ ಬಹುಮಾನಗಳಿಗೆ ವರ್ಷವಿಡೀ ಕಣ್ಣಿಟ್ಟು ನೋಡಬೇಕಾಗುತ್ತದೆ. ಹಾಜರಿ ಪುಸ್ತಕ ಎಣಿಸಿದರೆ ಹೆಚ್ಚು ದಿನ ಬಂದವರು ಸಿಗುತ್ತಾರೆ, ಬಹಳ ಸಲ ಅವರು ಹೆಸರಾಂತ ಆಟಗಾರರಾಗಿರುವುದಿಲ್ಲ. ಆಟ ಮುಗಿದ ಮೇಲೆ ನೆಟ್ ಬಿಚ್ಚಿ ಮಡಿಸುವವರು, ಹೊಸಬರಿಗೆ ನಿಲ್ಲುವ ಜಾಗ ತೋರಿಸಿ ಕೊಡುವವರು, ತನ್ನ ಕೈಗೆ ತಾಗಿ ಚೆಂಡು ಹೊರಹೋಯಿತು ಎಂದು ಅಂಪೈರ್ ಕೇಳುವ ಮುಂಚೆ ಒಪ್ಪಿಕೊಂಡವರು. ಹೀಗೆ ನಾಲ್ಕೈದು ಸಾಕು. ಬಹುಮಾನ ಕೊಡುವಾಗ ಏಕೆ ಎಂದು ಒಂದು ಘಟನೆ ಸಮೇತ ಹೇಳಿ. "ಉತ್ತಮ ಸ್ಫೂರ್ತಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮಳೆ ಬಂದ ಭಾನುವಾರ ಒಬ್ಬರೇ ಬಂದು ಅಂಗಳದ ನೀರನ್ನು ಗುಡಿಸಿ ಹೊರಹಾಕಿದರು" ಎಂದರೆ ಇಡೀ ಸಭೆ ತಿರುಗಿ ಅವರನ್ನು ನೋಡುತ್ತದೆ.

ಬಹುಮಾನಗಳನ್ನು ಹಳಬರ ಕೈಯಿಂದ ಕೊಡಿಸಿ. ಹೊಸ ಹುಡುಗರಿಗೆ ಅವರ ಪರಿಚಯವಾಗುವುದು ಹಾಗೆ. ಆ ವರ್ಷ ತಂಡದವರಾರಾದರೂ ತೀರಿಕೊಂಡಿದ್ದರೆ ಅವರ ಹೆಸರು ಹೇಳಿ ಒಂದು ನಿಮಿಷ ಎದ್ದು ನಿಲ್ಲಿ, ಅವರ ಮನೆಯವರನ್ನು ಕರೆದಿದ್ದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಿ. ಭಾಷಣ ಮಾಡುವವರಿಗೆ ಮೂರು ನಿಮಿಷ. ಇಡೀ ಸಭೆ ಅರ್ಧ ಗಂಟೆಯೊಳಗೆ ಮುಗಿಯಬೇಕು.

ಎಲ್ಲರ ಫೋಟೊವನ್ನು ಆಟಕ್ಕೆ ಮುಂಚೆಯೇ ತೆಗೆಯಿರಿ, ಊಟವಾದ ಮೇಲೆ ಕಾಲು ಭಾಗ ಜನ ಹೊರಟಿರುತ್ತಾರೆ. ಸಾಲು ನಿಲ್ಲಿಸುವಾಗ ಹಳಬರನ್ನು ನಡುವೆ ಕೂರಿಸಿ. ಮಕ್ಕಳಿರುವ ಫೋಟೊಗಳನ್ನು ತಂದೆತಾಯಿಯನ್ನು ಕೇಳದೆ ಎಲ್ಲೂ ಹಾಕಬೇಡಿ.

ಮುಗಿದ ಮೇಲೆ

ಜಾಗವನ್ನು ಸಿಕ್ಕಿದ್ದಕ್ಕಿಂತ ಚೊಕ್ಕಟವಾಗಿ ಬಿಡಿ. ಉಳಿದುಹೋದ ನೀರಿನ ಬಾಟಲಿ, ಮಂಡಿಪಟ್ಟಿ, ಮಕ್ಕಳ ಚಪ್ಪಲಿ ಇವುಗಳ ಫೋಟೊ ಅಂದೇ ರಾತ್ರಿ ಗುಂಪಿಗೆ ಹಾಕಿ. ಮೂರು ದಿನದೊಳಗೆ ಲೆಕ್ಕ, ರಸೀದಿಗಳ ಸಮೇತ. ತಡವಾದಷ್ಟೂ ಖಜಾಂಚಿಯ ಮೇಲೆ ಇಲ್ಲದ ಸಂಶಯ ಹುಟ್ಟುತ್ತದೆ. ಸ್ಥಳ ಯಾರನ್ನು ಕೇಳಿದ್ದು, ಎಷ್ಟು ಊಟ ಹೇಳಿದ್ದು, ಎಷ್ಟು ಉಳಿದದ್ದು, ಏನು ಎಡವಿದ್ದು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಮುಂದಿನ ವರ್ಷ ನಡೆಸುವವರ ಕೈಗೆ ಕೊಡಿ. ಬರಲಾಗದವರಿಗೆ ಎಲ್ಲರ ಫೋಟೊ ಕಳಿಸಿ, "ನಿಮ್ಮನ್ನು ಕೇಳಿದರು" ಎಂದು ಕೇಳಿದವರ ಹೆಸರಿನೊಂದಿಗೆ ಬರೆಯಿರಿ.

ಕೂಟದಲ್ಲಿ ಹತ್ತು ಜನವಾದರೂ "ಮುಂದಿನ ವಾರದಿಂದ ಆಟಕ್ಕೆ ಬರ್ತೀನಿ" ಎಂದಿರುತ್ತಾರೆ. ಅವರಲ್ಲಿ ಇಬ್ಬರು ಮೂವರು ನಿಜವಾಗಿಯೂ ಬರುತ್ತಾರೆ. ಆ ಭಾನುವಾರ ಅಂಗಳಕ್ಕೆ ಬಂದಾಗ ಎಂದಿನ ಆರು ಜನ ಎಂದಿನ ಜಾಗದಲ್ಲಿ ನಿಂತು ಆಟ ಶುರು ಮಾಡಿಬಿಟ್ಟಿದ್ದರೆ ಅವರು ಬದಿಯಲ್ಲಿ ಅರ್ಧ ಗಂಟೆ ನಿಂತು ನೋಡಿ, ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಅಂದು ಮೊದಲ ಅರ್ಧ ಗಂಟೆ ಅವರ ಆಟ. ಶನಿವಾರ ರಾತ್ರಿ ಫೋನ್ ಮಾಡಿ ಹೊತ್ತು ಹೇಳಿ, ಬರುವವರೆಗೆ ತಂಡ ಮಾಡಬೇಡಿ, ನೆಟ್ಟನ್ನು ಕೂಟದ ದಿನ ಕಟ್ಟಿದ ಎತ್ತರದಲ್ಲೇ ಕಟ್ಟಿರಿ.